ಡೆಟ್ರಾಯಿಟ್ ಅಜ್ಜಿಯ ಮದುವೆ ಕುಪ್ಪಸ

ನಾವು ಬೋಲಿಂಗ್‌ಬ್ರೂಕಿಗೆ ಬಂದ ಹೊಸದರಲ್ಲಿ ನನ್ನ ವೀಸಾದ ಮೇಲೆ ಕೆಲಸ ಮಾಡುವಂತಿರಲಿಲ್ಲ. ಗಂಡ ಏಳಕ್ಕೆಲ್ಲ ಎಲ್ಕ್ ಗ್ರೋವ್ ವಿಲೇಜಿನ ಡೇಟಾ ಸೆಂಟರಿಗೆ ಹೊರಟುಬಿಡುತ್ತಿದ್ದರು. ಮಗಳನ್ನು ಸ್ಕೂಲ್ ಬಸ್ ಹತ್ತಿಸಿದ ಮೇಲೆ ಸಂಜೆ ನಾಲ್ಕರವರೆಗೆ ನನಗೆ ಮಾಡಲು ಏನೂ ಇರುತ್ತಿರಲಿಲ್ಲ. ದಿನವೂ ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಅಲ್ಲಿನ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಕಂಡಿತು: ರೊಮೇನಿಯಾದ ಕಲೆ, ಸಂಸ್ಕೃತಿಗಳನ್ನು ಹೊರನಾಡಿನಲ್ಲಿ ಪೋಷಿಸುವ ಒಂದು ಸಣ್ಣ ದತ್ತಿ ಸಂಸ್ಥೆಗೆ ಟೈಪಿಂಗ್ ಬಲ್ಲ ಸ್ವಯಂಸೇವಕರು ಬೇಕು. ರೊಮೇನಿಯಾ ನಕಾಶೆಯಲ್ಲಿ ಎಲ್ಲಿದೆ ಎಂದು ಕೇಳಿದ್ದರೆ ತೋರಿಸಲು ಆಗ ನನಗೆ ಬರುತ್ತಿರಲಿಲ್ಲ. ಆದರೂ ಫೋನ್ ಮಾಡಿದೆ.

ನೈಲ್ಸ್‌ನಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನ ಮೇಲಿನ ಒಂದೇ ಕೋಣೆ, ಅದೇ ಸಂಸ್ಥೆ. ಅದನ್ನು ನಡೆಸುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಬುಕಾರೆಸ್ಟಿನಲ್ಲಿ ಸಂಗೀತದ ಟೀಚರ್ ಆಗಿದ್ದವರು. ನಾನು ರೂಢಿಯಂತೆ 'ಮೇಡಂ' ಎಂದು ಕರೆದೆ. ಅವರಿಗೆ ಅದು ತಮಾಷೆ ಅನ್ನಿಸಿ ನಕ್ಕರು, ಆದರೆ ಬೇಡ ಅನ್ನಲಿಲ್ಲ. ಊರಿಂದ ಹಾಡುಗಾರರನ್ನು ಕರೆಸುವುದು, ಇಲ್ಲಿಯ ಚಿತ್ರಕಾರರಿಗೆ ಗೋಡೆ ಹುಡುಕಿಕೊಡುವುದು, ಭಾನುವಾರ ಮಕ್ಕಳಿಗೆ ಭಾಷೆ ಕಲಿಸುವುದು, ಇವು ಅವರ ಕೆಲಸ. ಪತ್ರ, ಪಟ್ಟಿ, ಆಮಂತ್ರಣ ನನ್ನ ಕೆಲಸ. ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಇಬ್ಬರದೂ ಕಲಿತ ಇಂಗ್ಲಿಷ್.

ನಾನು ಸೇರಿದ ಮೂರನೆಯ ವರ್ಷ ಮೇಡಂ ಒಂದು ಪ್ರದರ್ಶನ ಮಾಡಲು ಹೊರಟರು. ಚಿಕಾಗೋ, ಡೆಟ್ರಾಯಿಟ್ ಕಡೆಯ ರೊಮೇನಿಯನ್ ಮನೆಗಳಲ್ಲಿ ಪೆಟ್ಟಿಗೆ ಸೇರಿದ್ದ ಕಸೂತಿ ಕುಪ್ಪಸಗಳನ್ನು ಎರವಲು ತಂದು ಲೈಬ್ರರಿಗಳಲ್ಲಿ ಇಡುವುದು. ಕಣ್ಣಿನ ಪೊರೆಯಿಂದಾಗಿ ಅವರು ಹೈವೇಯಲ್ಲಿ ಡ್ರೈವ್ ಮಾಡುತ್ತಿರಲಿಲ್ಲ. ಹಾಗಾಗಿ ಮನೆ ಮನೆ ತಿರುಗಿಸಿದವಳು ನಾನು. ಡೆಟ್ರಾಯಿಟಿಗೆ ಹೋದದ್ದು ಸೆಪ್ಟೆಂಬರಿನ ಒಂದು ಭಾನುವಾರ. ಆ ಸಲ ಗಂಡನೂ ಬಂದಿದ್ದರು, ಗಾಡಿ ಓಡಿಸಿದ್ದು ಅವರೇ. ನಾನು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದ್ದೆ.

ಅಲ್ಲಿ ಒಂದು ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದರು. ತೊಂಬತ್ತರ ಹತ್ತಿರ. ತೀರಾ ಚಿಕ್ಕ ಮೈಕಟ್ಟು, ಕುರ್ಚಿಯಲ್ಲಿ ಕೂತರೆ ಪಾದ ನೆಲ ಮುಟ್ಟುತ್ತಿರಲಿಲ್ಲ. ಅವರ ಗಂಡ ಕಾರ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು, ತೀರಿಕೊಂಡಿದ್ದರು. ಒಬ್ಬಳೇ ಮಗಳು, ಪಕ್ಕದ ಬೀದಿಯಲ್ಲೇ ಮನೆ. ಅಜ್ಜಿ ದಿಂಬಿನ ಚೀಲದೊಳಗಿಂದ ಒಂದು ಕುಪ್ಪಸ ತೆಗೆದು ನನ್ನ ತೊಡೆಯ ಮೇಲಿಟ್ಟರು. ಹದಿನಾರನೆಯ ವಯಸ್ಸಿನಲ್ಲಿ ಒಂದಿಡೀ ಚಳಿಗಾಲ ಕೂತು ತನ್ನ ಮದುವೆಗೆ ತಾನೇ ಹೊಲಿದುಕೊಂಡದ್ದಂತೆ. ಭುಜದ ಮೇಲೆ ಅಗಲವಾದ ಕೆಂಪು ಪಟ್ಟಿ, ಅದರ ಕೆಳಗೆ ಹಳದಿ ದಾರದ ಒಂದು ಸಾಲು, ಅಲ್ಲಿಂದ ತೋಳುದ್ದಕ್ಕೂ ಓರೆಯಾಗಿ ಇಳಿಯುವ ಕಪ್ಪು ಗೆರೆಗಳು. ಆ ಗೆರೆಗಳಿಗೆ ನದಿ ಅನ್ನುತ್ತಾರೆ ಎಂದು ಮೇಡಂ ಹೇಳಿದರು.

ನಾನು ಧಾರವಾಡದವಳು. ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಇಳಕಲ್ ಸೀರೆಗೆ ಕಸೂತಿ ಹಾಕುತ್ತಿದ್ದಳು. ಯಾರಾದರೂ ಸೀರೆ ತೋರಿಸಿದರೆ ಮೊದಲು ಮಗುಚಿ ಒಳಮೈ ನೋಡುತ್ತಿದ್ದಳು, ಗಂಟು ಕಂಡರೆ ಮುಖ ಸಿಂಡರಿಸುತ್ತಿದ್ದಳು. ಆ ಅಭ್ಯಾಸಕ್ಕೆ ನನ್ನ ಕೈ ತಾನಾಗಿಯೇ ಕುಪ್ಪಸವನ್ನು ಮಗುಚಿತು. ಒಂದೂ ಗಂಟಿಲ್ಲ. ಅಜ್ಜಿ ಕುರ್ಚಿಯಿಂದ ಮುಂದೆ ಬಾಗಿ ನನ್ನ ಮಣಿಕಟ್ಟು ಹಿಡಿದುಕೊಂಡರು.

"ನೀನು ಹೊಲಿಗೆ ಬಲ್ಲವಳು," ಎಂದರು. ಆಮೇಲೆ ಮೇಡಂ ಕಡೆ ನೋಡದೆ ನನಗೇ ಇಂಗ್ಲಿಷಿನಲ್ಲಿ ಹೇಳಿದರು: "ಕೊಡ್ತೀನಿ. ಆದ್ರೆ ನಾನು ಕೇಳಿದ ದಿನ ವಾಪಸ್ ಬರಬೇಕು. ಪೋಸ್ಟಿನಲ್ಲಿ ಅಲ್ಲ, ಕೈಯಲ್ಲಿ. ನನ್ನನ್ನ ಮಣ್ಣಿಗೆ ಇಡೋವಾಗ ಇದು ನನ್ನ ಮೈಮೇಲಿರಬೇಕು."

"ನಾನೇ ತಂದುಕೊಡ್ತೀನಿ," ಎಂದೆ. ಆ ಮಾತು ಕೊಟ್ಟವಳು ನಾನು. ಮೇಡಂ ಅಲ್ಲ.

ಪ್ರದರ್ಶನ ಚೆನ್ನಾಗಿ ನಡೆಯಿತು. ಅಜ್ಜಿಯ ಕುಪ್ಪಸ ನಡುವಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಜನ ಅದರ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಮೇಡಂ ಅಂಥ ಖುಷಿಯಲ್ಲಿದ್ದುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಫೆಬ್ರುವರಿಯ ಒಂದು ಬುಧವಾರ ಆಫೀಸಿಗೆ ಫೋನ್ ಬಂತು. ಅಜ್ಜಿಯ ದನಿ ನೂಲಿನಂತೆ ತೆಳ್ಳಗಾಗಿತ್ತು. "ನನ್ನ ಅಂಗಿ ಬೇಕು," ಎಂದರು. ಹುಷಾರಿಲ್ಲವೇ ಎಂದು ಕೇಳಿದೆ. "ಹುಷಾರಿಗೇನು. ಅಂಗಿ ಬೇಕು."

ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಮೇಡಂಗೆ ಹೇಳಿದೆ. ಅವರು ಕನ್ನಡಕ ತೆಗೆದರು. ಪ್ರದರ್ಶನ ಮುಗಿಯಲು ಎರಡು ವಾರ ಉಳಿದಿತ್ತು. ಕೊನೆಯ ಭಾನುವಾರ ರೊಮೇನಿಯಾದಿಂದ ಅತಿಥಿಗಳು ಬರುವವರಿದ್ದರು.

"ಎರಡೇ ವಾರ ಅಂತ ಹೇಳು," ಎಂದರು. "ನಡುವಿನ ಪೆಟ್ಟಿಗೆ ಖಾಲಿ ಇಟ್ಟು ಏನು ತೋರಿಸಲಿ? ಅವರು ಪ್ರತಿ ಚಳಿಗಾಲವೂ ಹೀಗೇ ಸಾಯ್ತೀನಿ ಅಂತಾರಂತೆ, ಮಗಳೇ ಹೇಳಿದ್ದಾಳೆ."

ನಾನು ಹಾಗೆಯೇ ಹೇಳಿದೆ. "ಎರಡು ವಾರ," ಎಂದು ಅಜ್ಜಿ ತಾವೂ ಒಂದು ಸಲ ಅಂದುಕೊಂಡು ಫೋನಿಟ್ಟರು. ನೀನು ಮಾತು ಕೊಟ್ಟಿದ್ದೆಯಲ್ಲ ಎಂದು ಕೇಳಲಿಲ್ಲ.

ಸಂಜೆ ಗಂಡನಿಗೆ, "ಏನ್ರೀ, ಈ ಶನಿವಾರ ಡೆಟ್ರಾಯಿಟಿಗೆ ಹೋಗಿ ಬರೂಣೇನು?" ಎಂದೆ.

"ಈ ಶನಿವಾರನಾ? ಸ್ನೋ ಅಲರ್ಟ್ ಇದೆ ಕಣೆ. ನಿಮ್ಮ ಮೇಡಂ ಟೂ ವೀಕ್ಸ್ ಅಂದಿದಾರಲ್ಲ, ಸ್ವಲ್ಪ ವೈಟ್ ಮಾಡು."

ಮಗಳು ಹೋಮ್‌ವರ್ಕಿನಿಂದ ತಲೆಯೆತ್ತಿದಳು. "ಅಮ್ಮಾ, ಸ್ಯಾಟರ್ಡೇ ಈಸ್ ಮೈ ಕಾನ್ಸರ್ಟ್. ಯು ಪ್ರಾಮಿಸ್ಡ್."

ಅವಳಿಗೂ ಮಾತು ಕೊಟ್ಟಿದ್ದೆ. ಅದನ್ನು ಉಳಿಸಿಕೊಂಡೆ. ಅವಳು ಪಿಟೀಲು ಚೆನ್ನಾಗಿ ಬಾರಿಸಿದಳು. ನಾನು ಮೊದಲ ಸಾಲಿನಲ್ಲಿ ಕೂತು ವಿಡಿಯೊ ಮಾಡಿಕೊಂಡೆ.

ಅದಾದ ಮುಂದಿನ ಗುರುವಾರ ಅಜ್ಜಿಯ ಮಗಳು ಫೋನ್ ಮಾಡಿದಳು. ಬೆಳಗಿನ ಜಾವ ಅಮ್ಮ ಹೋದಳು ಎಂದಳು. ಅಳುತ್ತಿರಲಿಲ್ಲ, ಒಂದೊಂದಾಗಿ ವಿಷಯ ತಿಳಿಸುತ್ತಿದ್ದಳು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಚರ್ಚಿನಲ್ಲಿ ಪ್ರಾರ್ಥನೆ. ಅಮ್ಮನಿಗೆ ಬೇರೆ ಬಟ್ಟೆ ತೊಡಿಸಿ ಆಗಿದೆ. ಆದರೆ ಪ್ರಾರ್ಥನೆ ಮುಗಿಯುವವರೆಗೆ ಶವಪೆಟ್ಟಿಗೆ ತೆರೆದೇ ಇರುತ್ತದೆ. ಮುಚ್ಚುವ ಮುಂಚೆ ತಂದುಕೊಟ್ಟರೆ ಎದೆಯ ಮೇಲೆ ಹರಡುತ್ತೇನೆ ಎಂದಳು. "ತರ್ತೀರಿ ಅಲ್ವಾ?" ಎಂದು ಕೇಳಿದಳು.

ಶುಕ್ರವಾರ ರಸ್ತೆಯೆಲ್ಲ ಮಂಜುಗಡ್ಡೆ. ಗಾಡಿ ತೆಗೆಯುವಂತಿರಲಿಲ್ಲ. ಶನಿವಾರ ಆರೂವರೆಗೆ ಮೇಡಂ ಅವರನ್ನು ನೈಲ್ಸ್‌ನಿಂದ ಹತ್ತಿಸಿಕೊಂಡು ಹೊರಟೆ. ಗಂಡ ಮಗಳ ಜೊತೆ ಮನೆಯಲ್ಲಿ ಉಳಿದರು. ಕುಪ್ಪಸ ಮೇಡಂ ಮಡಿಲಲ್ಲಿತ್ತು, ಬಿಳಿ ಕಾಗದದಲ್ಲಿ ಸುತ್ತಿದ್ದು. ಐದು ಗಂಟೆಯ ದಾರಿ. ಹನ್ನೊಂದೂವರೆಗೆ ತಲುಪುತ್ತೇವೆ, ಅರ್ಧ ಗಂಟೆ ಕೈಯಲ್ಲಿರುತ್ತದೆ ಎಂದು ನಾನು ಹಿಂದಿನ ದಿನವೇ ಲೆಕ್ಕ ಹಾಕಿದ್ದೆ. ಫೋನಿನ ಮ್ಯಾಪ್ ತಲುಪುವುದು ಹನ್ನೆರಡೂವರೆಗೆ ಎಂದು ತೋರಿಸಿದಾಗ ಮಂಜಿಗಾಗಿ ಅದು ಒಂದು ಗಂಟೆ ಸೇರಿಸಿರಬೇಕು ಅಂದುಕೊಂಡೆ, ವೇಗವಾಗಿ ಹೋದರೆ ಸರಿಹೋಗುತ್ತದೆ ಅಂದುಕೊಂಡೆ.

ಇಂಡಿಯಾನಾ ದಾಟಿ ಮಿಶಿಗನ್ ರಾಜ್ಯದ ಬೋರ್ಡ್ ಹಿಂದೆ ಹೋದ ಸ್ವಲ್ಪ ಹೊತ್ತಿಗೆ ಫೋನಿನ ಗಡಿಯಾರ ನೋಡಿದೆ. ಬೋರ್ಡಿಗೆ ಸ್ವಲ್ಪ ಮುಂಚೆ ನೋಡಿದಾಗ ಎಂಟೂವರೆ ಆಗಿತ್ತು. ಈಗ ಒಂಬತ್ತೂವರೆ ಆಗಿತ್ತು.

ಡೆಟ್ರಾಯಿಟಿನ ಸಮಯ ಚಿಕಾಗೋಗಿಂತ ಒಂದು ಗಂಟೆ ಮುಂದೆ. ಅದು ನನಗೆ ಗೊತ್ತಿರದ ಸಂಗತಿಯಲ್ಲ. ಗಂಡನ ಆಫೀಸಿನ ಮೀಟಿಂಗುಗಳ ದೆಸೆಯಿಂದ ಮನೆಯಲ್ಲಿ ದಿನವೂ ಆಡುವ ಮಾತು. ಆದರೆ ಆ ದಿನ ನನ್ನ ತಲೆಗೆ ಹೊಳೆಯಲೇ ಇಲ್ಲ.

"ಮೇಡಂ," ಎಂದೆ. ಮುಂದೆ ಹೇಳಬೇಕಾಗಲಿಲ್ಲ. ಅವರೂ ಗಡಿಯಾರ ನೋಡುತ್ತಿದ್ದರು.

ಅವರು ಅಜ್ಜಿಯ ಮಗಳಿಗೆ ಫೋನ್ ಹಚ್ಚಿದರು. ಎತ್ತಲಿಲ್ಲ. ಮತ್ತೆ ಹಚ್ಚಿದರು. ಕಲಮಜೂ ಹತ್ತಿರ ಬರುವಷ್ಟರಲ್ಲಿ ಸರೋವರದ ಕಡೆಯಿಂದ ಹಿಮ ಸುರಿಯತೊಡಗಿತು. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಮೂವತ್ತು ಮೈಲಿ ವೇಗದಲ್ಲಿ ಎಲ್ಲರೂ ಸಾಲುಗಟ್ಟಿ ಹೋಗುತ್ತಿದ್ದೆವು. ಮೇಡಂ ಕಣ್ಣು ಮುಚ್ಚಿ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ನಾನು ಸ್ಟೀರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಮಾರನೆಯ ದಿನ ಚಪಾತಿ ಲಟ್ಟಿಸಲು ಬೆರಳು ಮಡಿಸಲಾಗಲಿಲ್ಲ.

ಚರ್ಚ್ ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ಒಳಗೆ ಯಾರೂ ಇರಲಿಲ್ಲ. ಧೂಪದ ವಾಸನೆ ಇನ್ನೂ ಇತ್ತು. ಕೆಳಗಿನ ಹಾಲಿನಿಂದ ತಟ್ಟೆಗಳ ಸದ್ದು ಕೇಳಿಸಿ ಮೆಟ್ಟಿಲಿಳಿದೆವು. ಅಷ್ಟರಲ್ಲಿ ಮಣ್ಣು ಮಾಡಿ ಬಂದು ಎಲ್ಲರೂ ಊಟಕ್ಕೆ ಕೂತಿದ್ದರು.

ಅಜ್ಜಿಯ ಮಗಳು ಎದ್ದು ಬಂದಳು. ಮೇಡಂ ಕಾಗದದ ಗಂಟನ್ನು ಎರಡೂ ಕೈಯಲ್ಲಿ ಚಾಚಿದರು. ನಾನು ಹೇಳಿದೆ, "ನನ್ನ ತಪ್ಪು. ಟೈಮ್ ಡಿಫರೆನ್ಸ್ ಮರೆತೆ."

ಅವಳು ನನ್ನ ಮುಖವನ್ನೇ ನೋಡಿದಳು. "ಪಾದ್ರಿಗಳು ಒಂದು ಹಾಡು ಹೆಚ್ಚಿಗೆ ಹಾಡಿದರು," ಎಂದಳು. "ಕಾಯೋಣ ಅಂತ ನಾನೇ ಕೇಳಿಕೊಂಡಿದ್ದೆ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ನಮ್ಮನ್ನು ಕೂರಿಸಿ ಬಡಿಸಿದರು. ಸತ್ತವರ ಹೆಸರಿನಲ್ಲಿ ಹಂಚುವ ಸಿಹಿ ಎಂದು ಒಂದು ಬಟ್ಟಲು ಮುಂದಿಟ್ಟರು. ಗೋಧಿ ಬೇಯಿಸಿ, ಸಕ್ಕರೆ, ಆಕ್ರೋಟು ಬೆರೆಸಿದ್ದು. ಬಾಯಿಗಿಟ್ಟರೆ ನಮ್ಮ ಕಡೆಯ ಗೋಧಿ ಹುಗ್ಗಿಯದೇ ರುಚಿ. ನಮ್ಮಲ್ಲಿ ಅದು ಹಬ್ಬದ ಅಡುಗೆ.

ಹೊರಡುವಾಗ ಮಗಳು ಬಾಗಿಲವರೆಗೆ ಬಂದಳು. ಕಾಗದದ ಗಂಟು ಅವಳ ಕೈಯಲ್ಲೇ ಇತ್ತು. ಅದನ್ನು ನನ್ನ ಕಡೆ ಚಾಚಿ, "ಇದನ್ನ ನೀವು ತಗೊಳ್ಳಿ. ನೀವೇ ಹಾಕ್ಕೊಳ್ಳಿ," ಎಂದಳು.

"ಅಯ್ಯೋ, ಬೇಡ ಬೇಡ. ನನಗ್ಯಾಕೆ," ಎಂದೆ.

ನಮ್ಮಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಮೊದಲ ಸಲ ಬೇಡ ಅನ್ನುವುದು ರೂಢಿ. ಕೊಡುವವರು ಇನ್ನೊಂದು ಸಲ, ಮತ್ತೊಂದು ಸಲ ಒತ್ತಾಯ ಮಾಡುತ್ತಾರೆ. ಆಮೇಲೆ ತೆಗೆದುಕೊಳ್ಳುತ್ತೇವೆ. ಆ ಹೊತ್ತಿನಲ್ಲೂ ನನ್ನ ಬಾಯಿಗೆ ಅದೇ ಬಂತು. ಅದೂ ಅಲ್ಲದೆ, ಅಷ್ಟು ಮಾಡಿದವಳು ಯಾವ ಮುಖದಿಂದ ಉಡುಗೊರೆ ತೆಗೆದುಕೊಳ್ಳಲಿ ಅನ್ನಿಸಿತ್ತು. ಅವಳು ಎರಡನೆಯ ಸಲ ಕೇಳಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು, "ಸರಿ," ಎಂದು ಒಳಗೆ ಹೋದಳು.

ಆ್ಯನ್ ಆರ್ಬರ್ ದಾಟಿದೆವು. ಮೇಡಂ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು, "ಯಾಕೆ ಬೇಡ ಅಂದೆ?"

"ಅವರಮ್ಮನದು. ನಾನು ಹೇಗೆ ತಗೊಳ್ಳಲಿ?"

"ನಿನಗೆ ಗೊತ್ತಿರಲಿಲ್ಲ. ನಾನೇ ಹೇಳಬೇಕಿತ್ತು, ನನಗೆ ಬಾಯಿ ಬರಲಿಲ್ಲ," ಎಂದರು. ಅವರ ಕಡೆ ಹಳ್ಳಿಗಳಲ್ಲಿ ಒಂದು ನಂಬಿಕೆಯಿದೆಯಂತೆ. ಸತ್ತವರ ಹೆಸರಿನಲ್ಲಿ ಬದುಕಿರುವವರಿಗೆ ಏನು ಕೊಡುತ್ತೇವೋ ಅದು ಆ ಲೋಕದಲ್ಲಿ ಸತ್ತವರಿಗೆ ಸಿಗುತ್ತದೆ. ಬಟ್ಟೆ ಕೊಟ್ಟರೆ ಅವರಿಗೆ ತೊಡಲು ಬಟ್ಟೆ. "ನೀನು ಹಾಕಿಕೊಂಡರೆ ಅವಳ ಅಮ್ಮ ಅಲ್ಲಿ ಹಾಕಿಕೊಂಡ ಹಾಗೆ. ಅದಕ್ಕೆ ಕೊಟ್ಟಳು."

ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಒಂದು ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದೆ. ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಮೇಡಂ ನನ್ನ ಬೆನ್ನ ಮೇಲೆ ಕೈಯಿಟ್ಟು, "ಎರಡು ವಾರ ಅಂದದ್ದು ನಾನು, ನೀನಲ್ಲ," ಎನ್ನುತ್ತಿದ್ದರು. ಕಣ್ಣೊರೆಸಿಕೊಂಡು ಅಜ್ಜಿಯ ಮಗಳಿಗೆ ಫೋನ್ ಮಾಡಿದೆ. ವಾಪಸ್ ಬರುತ್ತೇನೆ, ತೆಗೆದುಕೊಳ್ಳುತ್ತೇನೆ ಎಂದು ಹೇಳಲು. ಎತ್ತಲಿಲ್ಲ. ಮೆಸೇಜ್ ಬಿಟ್ಟೆ. ಇಡೀ ದಾರಿ ಫೋನನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಮೇಡಂ ಪ್ರದರ್ಶನವನ್ನು ಅಲ್ಲಿಗೇ ನಿಲ್ಲಿಸಿದರು. ಅತಿಥಿಗಳಿಗೆ ಬರಬೇಡಿ ಎಂದು ಇ-ಮೇಲ್ ಬರೆಯಿಸಿದರು. ಮಾರ್ಚ್ ತಿಂಗಳು ಪೂರ್ತಿ ನಾವಿಬ್ಬರೂ ಎಲ್ಲ ಕುಪ್ಪಸಗಳನ್ನೂ ಮನೆ ಮನೆಗೆ ಹೋಗಿ ಕೈಯಾರೆ ಹಿಂತಿರುಗಿಸಿದೆವು. ಕೆಲವರು ಬಾಗಿಲಲ್ಲೇ ತೆಗೆದುಕೊಂಡು ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡರು. ಅರೋರಾದ ಒಬ್ಬ ಹೆಂಗಸು, ಪೋಸ್ಟಿನಲ್ಲಿ ಕಳಿಸದೆ ನಾವೇ ಯಾಕೆ ತಂದೆವೆಂದು ಕೇಳಿದಳು. ಮೇಡಂ ಕುಪ್ಪಸವನ್ನು ಅವಳ ಕೈಗಿಟ್ಟು ಮೆಟ್ಟಿಲಿಳಿದರು.

ಆ ವರ್ಷವೇ ನನಗೆ ಕೆಲಸ ಮಾಡುವ ಪರವಾನಗಿ ಬಂತು. ಈಗ ಬೋಲಿಂಗ್‌ಬ್ರೂಕಿನ ಒಂದು ವೇರ್‌ಹೌಸಿನ ಆಫೀಸಿನಲ್ಲಿದ್ದೇನೆ. ಸಂಸ್ಥೆ ಇನ್ನೂ ನಡೆಯುತ್ತಿದೆ. ಹಾಡು, ನಾಟಕ, ಮಕ್ಕಳ ತರಗತಿ ಎಲ್ಲ ಇವೆ. ಜನರ ಮನೆಯ ವಸ್ತುಗಳನ್ನು ಮಾತ್ರ ಮೇಡಂ ಆಮೇಲೆ ಎರವಲು ಕೇಳಲಿಲ್ಲ. ತಿಂಗಳಿಗೊಮ್ಮೆ ಹೋಗಿ ಅವರ ಪತ್ರಗಳನ್ನು ಟೈಪ್ ಮಾಡಿಕೊಟ್ಟು ಬರುತ್ತೇನೆ. ಡೆಟ್ರಾಯಿಟಿನ ಮಾತು ನಮ್ಮಿಬ್ಬರ ನಡುವೆ ಬರುವುದಿಲ್ಲ.

ಅಜ್ಜಿಯ ಮಗಳಿಗೆ ನಾನು ಒಂದು ಪತ್ರ ಬರೆದಿದ್ದೆ. ಮೇಡಂ ಅದನ್ನು ಅವರ ಭಾಷೆಗೆ ಮಾಡಿಕೊಟ್ಟಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ ಮೊಬೈಲಿಗೆ ಉತ್ತರ ಬಂತು, ಇಂಗ್ಲಿಷಿನಲ್ಲಿ, ಮೂರು ಸಾಲು: "ಕೊನೆಯ ತಿಂಗಳುಗಳಲ್ಲಿ ಅಮ್ಮನಿಗೆ ಸ್ನಾನ ಮಾಡಿಸುತ್ತಿದ್ದ ಹೆಂಗಸಿಗೆ ಮಣ್ಣು ಮಾಡಿದ ಸಂಜೆಯೇ ಕುಪ್ಪಸ ಕೊಟ್ಟೆ. ಅವಳು ಈಗ ಓಹಾಯೋ ಕಡೆ ಹೋಗಿದ್ದಾಳೆ. ಅವಳ ನಂಬರ್ ನನ್ನ ಬಳಿ ಇಲ್ಲ."

ಆ ಹೆಂಗಸು ಎತ್ತರವೋ ಕುಳ್ಳೋ ನನಗೆ ತಿಳಿಯದು. ಅಷ್ಟು ಚಿಕ್ಕ ಅಜ್ಜಿ ಹದಿನಾರರಲ್ಲಿ ತನ್ನ ಅಳತೆಗೆ ಹೊಲಿದುಕೊಂಡದ್ದು ಅವಳ ಭುಜಕ್ಕೆ ಹಿಡಿಸಿತೋ ಇಲ್ಲವೋ. ಒಂದು ಸಲವಾದರೂ ಹಾಕಿಕೊಂಡಳೋ ಏನೋ. ಕೇಳೋಣವೆಂದರೆ ಯಾರೂ ಇಲ್ಲ.