ಬೀರಲಿಂಗಯ್ಯ ಕಿತ್ತ ನಾಲ್ಕು ಕಾವಲು

ಗುಡೇಮಾರನಹಳ್ಳಿಯ ಬೀರಲಿಂಗಯ್ಯನಿಗೆ ಹುಟ್ಟಿನಿಂದಲೂ ಒಂದು ರೋಗ. ಮುಚ್ಚಿದ್ದನ್ನು ಕಂಡರೆ ಬಿಚ್ಚದೆ ಇರಲಾರ. ಕುರಿ ಕಾಯಲು ಕಳಿಸಿದರೆ ಕುರಿ ಹೊಲಕ್ಕೆ ನುಗ್ಗಿದ್ದೂ ಗೊತ್ತಾಗದೆ ಹುಣಸೆಮರದ ಕೆಳಗೆ ರೇಡಿಯೋ ಬಿಚ್ಚಿಕೊಂಡು ಕೂತಿರುತ್ತಿದ್ದ. ಅಪ್ಪ ಹೊನ್ನಯ್ಯ, “ಇವ್ನ್ ಕೈಗೆ ಕುರಿ ಬುಟ್ರೆ ಅದ್ನೂ ಬಿಚ್ಚಿ ನೋಡ್ಬುಡ್ತಾನೆ ಕಣ್ರಲಾ” ಎಂದು ಹಣೆ ಚಚ್ಚಿಕೊಂಡು ಡಿಪ್ಲೊಮಾಕ್ಕೆ ಸೇರಿಸಿದ. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ಕಂಟ್ರೋಲ್ ಪ್ಯಾನೆಲ್ ಜೋಡಿಸುವ ಕೆಲಸ ಮಾಡಿದ. ಒಂದು ದಿನ ಮ್ಯಾನೇಜರನ ಕಂಪ್ಯೂಟರಿನ ಪಾಸ್‌ವರ್ಡನ್ನು ‘ಸುಮ್ಮನೆ ನೋಡೋಕೆ’ ಮುರಿದ. ಮರುದಿನ ಅವರು ಅವನನ್ನು ಸುಮ್ಮನೆ ಮನೆಗೆ ಕಳಿಸಿದರು. ಅಲ್ಲಿಂದ ಬಂದು ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ರಿಪೇರಿ ಅಂಗಡಿ ಇಟ್ಟ.

ಕೊರೋನಾ ಕಳೆದು ರೇಷ್ಮೆಗೂಡಿನ ರೇಟು ಯಾರೂ ಕಂಡು ಕೇಳರಿಯದಷ್ಟು ಏರಿದ ಕಾಲವದು. ಅಬ್ಬಬ್ಬಾ, ಏನು ಮೆರೆದಾಟ! ನಿನ್ನೆಯವರೆಗೆ ರಾಗಿ ಬಿತ್ತುತ್ತಿದ್ದವರೆಲ್ಲ ಹಿಪ್ಪುನೇರಳೆ ಕಡ್ಡಿ ನೆಟ್ಟರು. ನೂಲು ತೆಗೆಯುವ ಜಬ್ಬಾರ್ ಸಾಬರೂ ಸುಮ್ಮನಿರಲಿಲ್ಲ. ಗೂಡಿಗೆ ಆವಿ ಕೊಡುತ್ತಿದ್ದ ಅಪ್ಪನ ಕಾಲದ ಪೆಟ್ಟಿಗೆಯನ್ನು ಗುಜರಿಗೆ ಹಾಕಿ, ಕಂಪ್ಯೂಟರಿನಲ್ಲಿ ನಡೆಯುವ ಬಿಸಿಗಾಳಿ ಡ್ರೈಯರ್ ತಂದು ನಿಲ್ಲಿಸಿದರು. ಗೂಡಿನೊಳಗಿನ ಹುಳ ಚಿಟ್ಟೆಯಾಗುವ ಮೊದಲೇ ಅದನ್ನು ಬಿಸಿಯಲ್ಲಿ ಒಣಗಿಸಬೇಕು. ತಡವಾದರೆ ಚಿಟ್ಟೆ ಗೂಡು ತೂತುಮಾಡಿ ಹೊರಬರುತ್ತದೆ, ಎಳೆ ತುಂಡಾಗುತ್ತದೆ, ಆ ಗೂಡಿನಿಂದ ನೂಲು ತೆಗೆಯಲು ಬರುವುದಿಲ್ಲ.

ಐದು ಕ್ವಿಂಟಾಲ್ ಗೂಡು ಮನೆಗೆ ಬಂದ ದಿನವೇ ಆ ಡ್ರೈಯರ್ ಕೈಕೊಟ್ಟಿತು. ಪರದೆಯ ಮೇಲೆ ಕೆಂಪಕ್ಷರದಲ್ಲಿ ಒಂದೇ ಮಾತು: ‘ಅನಧಿಕೃತ ಹಸ್ತಕ್ಷೇಪ.’ ಚಿಟ್ಟೆ ಬರಲು ಇನ್ನು ನಾಲ್ಕೇ ದಿನ. ಕಂಪನಿಯ ಏಜೆಂಟ್ ವೃಷಭೇಂದ್ರಪ್ಪ ಕಾರಿನಿಂದಿಳಿದು ಪರದೆಯನ್ನು ದೂರದಿಂದಲೇ ನೋಡಿದ.

“ಯಾರೋ ಒಳಗೆ ಕೈ ಹಾಕಿದ್ದೀರಿ ಸಾಬ್ರೇ. ಹಾಕಿದ್ದು ಹೌದು ಅಂತ ಬರ್ಕೊಡಿ, ಹದಿನೈದು ದಿನದಲ್ಲಿ ಕಂಪನಿ ಲಾಕ್ ತೆಗೆಯೋ ಕೀ ಕಳಿಸ್ತದೆ.”

“ಮಾಡ್ದೆ ಇರೋ ತಪ್ಪು ಯಾಕ್ರೀ ಬರ್ಕೊಡ್ಲಿ? ಹದಿನೈದ್ ದಿನಕ್ಕೆ ಚಿಟ್ಟೆ ಮೊಟ್ಟೆ ಇಟ್ಟು ಸತ್ತೋಗಿರ್ತದೆ!” ಎಂದು ಜಬ್ಬಾರ್ ಸಾಬರು ಕೂಗಿದರು. ಏಜೆಂಟ್ ಕಾರು ಹತ್ತಿದ. ಊರಿನ ಆವಿ ಪೆಟ್ಟಿಗೆಗಳೆಲ್ಲ ಆ ಸುಗ್ಗಿಯಲ್ಲಿ ಭರ್ತಿ. ಸಾಬರು ನೇರವಾಗಿ ಬೀರಲಿಂಗಯ್ಯನ ಅಂಗಡಿಗೆ ಬಂದರು. ಹಸಿದವನ ಮುಂದೆ ಬಾಡೂಟ ಇಟ್ಟಂತಾಯಿತು.

ಬೀರಲಿಂಗಯ್ಯ ತಂದು ಡ್ರೈಯರಿನ ಕಂಪ್ಯೂಟರಿಗೆ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ಡಿಬಗ್ಗರ್ ಎಂಬ ಸಲಕರಣೆ ಇತ್ತು. ಇನ್ನೊಂದು ಪ್ರೋಗ್ರಾಮನ್ನು ಹೆಜ್ಜೆಹೆಜ್ಜೆಗೂ ನಿಲ್ಲಿಸಿ, ಅದರ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವ ಸಲಕರಣೆ ಅದು. ಆದರೆ ಡ್ರೈಯರಿನ ಪ್ರೋಗ್ರಾಂ ಅದಕ್ಕೂ ಕಾವಲು ಇಟ್ಟುಕೊಂಡಿತ್ತು. ಮೊದಲನೆಯ ಕಾವಲು ಸಿಸ್ಟಮ್ಮನ್ನೇ ಕೇಳುತ್ತಿತ್ತು: ‘ನನ್ನನ್ನು ಯಾರಾದರೂ ಇಣುಕುತ್ತಿದ್ದಾರಾ?’ ಹೌದೆಂದರೆ ಬಾಗಿಲು ಬಂದ್. ಯಾರು ಕೇಳಿದರೂ ‘ಇಲ್ಲ’ ಎಂದೇ ಉತ್ತರ ಹೋಗುವಂತೆ ಬೀರಲಿಂಗಯ್ಯ ತಿದ್ದಿದ. ಎರಡನೆಯದು, ನಡೆಯುತ್ತಿರುವ ಪ್ರೋಗ್ರಾಮುಗಳ ಪಟ್ಟಿಯಲ್ಲಿ ಡಿಬಗ್ಗರಿನ ಹೆಸರು ಹುಡುಕುತ್ತಿತ್ತು. ಅವನು ಡಿಬಗ್ಗರಿಗೆ ‘ಕೆಂಗಲ್ ಹನುಮ’ ಎಂದು ನಾಮಕರಣ ಮಾಡಿದ. ಆಂಜನೇಯನನ್ನು ತಡೆಯುವ ಧೈರ್ಯ ಆ ಪ್ರೋಗ್ರಾಮಿಗೆ ಬರಲಿಲ್ಲ.

ಮೂರನೆಯದು ಕಿಲಾಡಿ. ಒಂದು ಹೆಜ್ಜೆಗೆ ಮೊದಲು ಗಡಿಯಾರ ನೋಡಿ, ಹೆಜ್ಜೆ ಮುಗಿದ ಮೇಲೆ ಮತ್ತೆ ನೋಡಿ, ನಡುವೆ ಹೊತ್ತು ಹೆಚ್ಚಾಗಿದ್ದರೆ ‘ಯಾರೋ ನನ್ನನ್ನು ನಿಲ್ಲಿಸಿ ನೋಡಿದರು’ ಎಂದು ಮುನಿಸಿಕೊಳ್ಳುತ್ತಿತ್ತು. ಇದನ್ನು ಕಂಡದ್ದೇ ಬೀರಲಿಂಗಯ್ಯ ತೊಡೆ ತಟ್ಟಿ ನಕ್ಕ. ಡ್ರೈಯರಿನ ಮಗ್ಗುಲಲ್ಲೇ ಕಂಪ್ಯೂಟರ್ ಇಟ್ಟಿದ್ದರಲ್ಲ, ಅದು ಬಿಸಿಗೆ ಕಾದು ಎಮ್ಮೆ ನಡಿಗೆಗೆ ಇಳಿದಿತ್ತು. ತನ್ನ ಸೋಮಾರಿತನವನ್ನೇ ಕಳ್ಳ ಎಂದುಕೊಂಡು ಪ್ರೋಗ್ರಾಂ ಬಾಗಿಲು ಹಾಕಿಕೊಂಡಿತ್ತು. ಎಸಿ ರೂಮಿನಲ್ಲಿ ಕೂತು ಬರೆದ ಮಹಾಶಯರಿಗೆ ಡ್ರೈಯರ್ ಬಿಸಿಯಾಗುತ್ತದೆ ಎಂಬುದೇ ಹೊಳೆದಿರಲಿಲ್ಲ! ಎರಡು ಸಲ ನೋಡಿದರೂ ಗಡಿಯಾರ ಒಂದೇ ಹೊತ್ತು ತೋರಿಸುವಂತೆ ಅವನು ಮಾಡಿಬಿಟ್ಟ.

ಯಂತ್ರವನ್ನು ನಿಲ್ಲಿಸುವ ನಾಲ್ಕನೆಯ ಕಾವಲೊಂದು ಉಳಿದಿತ್ತು. ಅದು ಏನನ್ನು ಕೇಳುತ್ತದೆ ಎಂದು ಓದಲು ಇನ್ನರ್ಧ ದಿನ ಬೇಕಿತ್ತು. ಆದರೆ ಅದು ಮೂರನೆಯ ದಿನ, ಶುಕ್ರವಾರ. ನೂಲು ತೆಗೆಯುವ ಅಕ್ಕಪಕ್ಕದ ರೀಲರುಗಳೆಲ್ಲ ಬಾಗಿಲಲ್ಲಿ ನಿಂತು ‘ವಾಹ್ ಬೀರಣ್ಣ’ ಎನ್ನುತ್ತಿದ್ದರು. ಹೊಗಳಿಕೆಯ ಎದುರಿಗೆ ಓದು ಯಾರಿಗೆ ಬೇಕು? ಅದನ್ನೂ ಕಿತ್ತ.

“ನಾಲ್ಕೂ ಕಾವ್ಲು ಎತ್ತಾಕ್ಬುಟ್ಟೆ!” ಎಂದು ಘೋಷಿಸಿದ.

ಮೂವತ್ತು ವರ್ಷದಿಂದ ಅಲ್ಲಿ ಗೂಡು ಒಣಗಿಸುತ್ತಿದ್ದ ದೊಡ್ಡಲಕ್ಷ್ಮಮ್ಮ ತಟ್ಟೆಗಳಿಗೆ ಗೂಡು ಹರವುತ್ತಿದ್ದವಳು ತಲೆಯೆತ್ತಿ ಕೇಳಿದಳು: “ನಾಲ್ಕೂ ಕಳ್ಳನ್ನ ಕಾಯೋವೇನಪ್ಪಾ?”

“ನಿಂಗದು ಅರ್ಥ ಆಗಕಿಲ್ಲ ಬುಡಕ್ಕ.”

ಐದು ಕ್ವಿಂಟಾಲೂ ಒಳಗೆ ಹೋಯಿತು. ಯಂತ್ರ ಗುಂಯ್ ಎಂದಿತು. ಜಬ್ಬಾರ್ ಸಾಬರು ಕಣ್ಣೊರೆಸಿಕೊಂಡು ನಮಾಜಿಗೆ ಹೋದರು, ನೆರೆದವರೂ ಚದುರಿದರು. ಪರದೆಯ ಮೇಲೆ ಬಿಸಿಯ ಅಂಕಿ ಏರುತ್ತಲೇ ಇತ್ತು. ಏರುವುದೆಂದರೆ ಕೆಲಸ ಜೋರಾಗಿ ನಡೆಯುತ್ತಿದೆ ಎಂದುಕೊಂಡು ನಮ್ಮ ಪಂಡಿತ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದ.

ದೊಡ್ಡಲಕ್ಷ್ಮಮ್ಮ ಅರ್ಧ ಗಂಟೆಗೊಮ್ಮೆ ಪಕ್ಕದ ಕಿಂಡಿಯಿಂದ ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಒಳಗಿನ ಹುಳ ಎಷ್ಟು ಒಣಗಿದೆ ಎಂದು ಸದ್ದೇ ಹೇಳುತ್ತದೆ. ಮೂರನೆಯ ಸಲ ಅಲ್ಲಾಡಿಸಿದವಳು ಬೆಚ್ಚಿದಳು.

“ಆಗಿರೋದು ಒಂದೂವರೆ ಗಂಟೆ, ನಾಕ್ ಗಂಟೆ ಒಣಗಿದ್ ಸದ್ದು ಬತ್ತೈತೆ. ನಿಲ್ಸಪ್ಪಾ!”

“ಕಂಪ್ಯೂಟರ್ ಸರಿಯಾಗೈತೆ ಅಂತೈತೆ ಕಣಕ್ಕ. ನೀನು ನಿನ್ ಕೆಲ್ಸ ನೋಡ್ಕೋ.”

ಅವಳು ನೇರ ಹೋಗಿ ಮೇನ್ ಸ್ವಿಚ್ ಕೆಳಕ್ಕೆಳೆದಳು. ಸೆರಗನ್ನು ಕೈಗೆ ಸುತ್ತಿಕೊಂಡು ಬಾಗಿಲು ತೆರೆದರೆ ಮೇಲಿನ ಎರಡು ತಟ್ಟೆ ಗೂಡು ಕಂದು ಬಣ್ಣಕ್ಕೆ ತಿರುಗಿ ಸೀದ ವಾಸನೆ ಹೊಡೆಯುತ್ತಿತ್ತು. ಉಳಿದದ್ದು ಬಚಾವಾಗಿತ್ತು. ಇನ್ನು ಹತ್ತು ನಿಮಿಷ ಬಿಟ್ಟಿದ್ದರೆ ಐದು ಕ್ವಿಂಟಾಲೂ ತಿಪ್ಪೆಗೆ. ನಾಲ್ಕನೆಯದು ಕಳ್ಳನ ಕಾವಲಲ್ಲ, ಬಿಸಿ ಮಿತಿಮೀರಿದರೆ ಕಾಯಿಸುವುದನ್ನೇ ನಿಲ್ಲಿಸುವ ಕಾವಲು ಎಂದು ಬೀರಲಿಂಗಯ್ಯನಿಗೆ ಆಗ ತಿಳಿಯಿತು.

ಅಷ್ಟರಲ್ಲಿ ಜಬ್ಬಾರ್ ಸಾಬರು ನಮಾಜಿನಿಂದ ಬಂದರು. ಸುಟ್ಟ ತಟ್ಟೆ ಕಂಡರು, ಸ್ವಿಚ್ಚಿನ ಹತ್ತಿರ ನಿಂತ ದೊಡ್ಡಲಕ್ಷ್ಮಮ್ಮನನ್ನೂ ಕಂಡರು. “ಏನಮ್ಮಾ ಇದು! ಮೂವತ್ತು ವರ್ಷದಿಂದ ಮಾಡ್ತಿದ್ದೀಯ, ಹೊತ್ತಿಗೆ ಸರಿಯಾಗಿ ನಿಲ್ಸೋದ್ ಗೊತ್ತಾಗ್ಲಿಲ್ವಾ? ಬೀರಣ್ಣ ಮೂರು ದಿನ ಊಟ ನಿದ್ದೆ ಬಿಟ್ಟು ಸರಿ ಮಾಡ್ಕೊಟ್ರೆ, ನೀನು ಒಂದ್ ಗಳಿಗೆ ಮೈಮರ್ತು ಹಾಳ್ ಮಾಡ್ದಲ್ಲಾ!”

ದೊಡ್ಡಲಕ್ಷ್ಮಮ್ಮ ಬೀರಲಿಂಗಯ್ಯನ ಮುಖ ನೋಡಿದಳು. ಅವನು ಲ್ಯಾಪ್‌ಟಾಪಿನ ಮುಖ ನೋಡುತ್ತಿದ್ದ. ಥೂ, ನಾಲ್ಕು ಕಾವಲಿನ ಬಾಯಿ ಮುಚ್ಚಿಸಿದ ಗಂಡಸು, ಒಂದು ಮಾತಿಗೆ ತನ್ನ ಬಾಯಿ ತೆರೆಯಲಾರದೆ ಹೋದ! ಅವಳು ಸುಟ್ಟ ತಟ್ಟೆಗಳನ್ನು ಎತ್ತಿಕೊಂಡು ಹಿತ್ತಲಿಗೆ ನಡೆದಳು.

“ಒಸಿ ಸೆಟ್ಟಿಂಗ್ ಬಾಕಿ ಐತೆ ಸಾಬ್ರೇ” ಎಂದು ಅವನು ನಾಲ್ಕನೆಯದನ್ನು ಮೊದಲಿದ್ದ ಹಾಗೇ ಕೂರಿಸಿದ. ಡ್ರೈಯರ್ ಮತ್ತೆ ಶುರುವಾಯಿತು. ಈ ಸಲ ಬಿಸಿ ಏರಬೇಕಾದಷ್ಟೇ ಏರಿ ನಿಂತಿತು. ಸಾಬರು ಅವನ ಕೊರಳಿಗೆ ಶಾಲು ಹಾಕಿದರು, ಜನ ಫೋಟೋ ತೆಗೆದರು.

ಹೊರಡುವಾಗ ಹಿತ್ತಲ ಬಾಗಿಲಲ್ಲಿ ದೊಡ್ಡಲಕ್ಷ್ಮಮ್ಮ ಅಡ್ಡ ಸಿಕ್ಕಳು. ಅವನು ಶಾಲನ್ನು ಮಡಚಿ ಕಂಕುಳಲ್ಲಿ ಅವುಚಿಕೊಂಡ.

“ಕಳ್ಳನ್ನ ಕಾಯ್ದೆ ಇದ್ದ ಆ ಕಾವ್ಲು ವಾಪಸ್ ಹಾಕ್ದೇನಪ್ಪಾ?”

“ಹಾಕ್ದೆ ಕಣಕ್ಕ.”

“ಹಂಗಾದ್ರೆ ಸರಿ. ಗೂಡು ಉಳೀತು” ಎಂದು ಅವಳು ಒಲೆಗೆ ಸೌದೆ ತರಲು ಹೋದಳು.