ಮೂರನೇ ಬಾಗಿಲಿನ ಆಚೆ

ಸುವಾ ಬಂದರಿನ ಪಕ್ಕದ ಆ ಗೋದಾಮಿನಿಂದ ಹೊರದ್ವೀಪಗಳಿಗೆ ಹೊರಡುವ ಸರಕಿಗೆಲ್ಲ ಕೆಲೆರಾಳ ಸಹಿ ಬೀಳಬೇಕಿತ್ತು. ಒಂದೊಂದು ಅಂಗಡಿಗೆ ಹೋಗುವ ಪೆಟ್ಟಿಗೆಗಳನ್ನು ಒಂದೊಂದು ಮರದ ಹಲಗೆಯ ಮೇಲೆ ಪೇರಿಸುತ್ತಿದ್ದರು. ಅವಳು ಎಣಿಸಿ, ಪಟ್ಟಿಗೆ ಹೊಂದಿಸಿ, ಹಸಿರು ಪೆನ್ಸಿಲಿನಿಂದ ಗೀಟೆಳೆದ ಮೇಲೆಯೇ ಅದು ಬಾಗಿಲು ದಾಟಿ ಹೊರಗಿನ ಶೆಡ್ಡಿಗೆ ಹೋಗುತ್ತಿತ್ತು. ಅಲ್ಲಿ ಪ್ಲಾಸ್ಟಿಕ್ ಸುತ್ತಿ, ದ್ವೀಪದ ಹೆಸರು ಅಂಟಿಸಿ, ಹಡಗಿಗೆ ಏರಿಸುತ್ತಿದ್ದರು.

ಅವಳು ಹುಟ್ಟಿದ್ದು ಲೆವುಕಾ ಊರಿನಲ್ಲಿ. ಹತ್ತೊಂಬತ್ತನೇ ವಯಸ್ಸಿಗೇ ಅಲ್ಲಿನ ಮೀನಿನ ಕಾರ್ಖಾನೆ ಸೇರಿ, ಡಬ್ಬಿ ಅರೆತುಂಬಿದ್ದರೆ ಕೈಯಲ್ಲಿ ಎತ್ತಿದೊಡನೆ ಹೇಳಿಬಿಡುತ್ತಿದ್ದಳು. ಗೋದಾಮಿಗೆ ಬಂದು ಹದಿನಾಲ್ಕು ವರ್ಷ. ಅವಳ ಎಣಿಕೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಆ ವರ್ಷ ಮಾರ್ಚಿನಿಂದ ಕೋರೋ ದ್ವೀಪದ ಸರಕು ಕಡಿಮೆ ಬೀಳತೊಡಗಿತು. ಒಮ್ಮೆ ಮೀನಿನ ಡಬ್ಬಿ, ಇನ್ನೊಮ್ಮೆ ಶಾಲೆಯ ನೋಟ್‌ಬುಕ್. ಅಲ್ಲಿ ಅಂಗಡಿ ಇಟ್ಟಿದ್ದ ಉನಾಯಿಸಿ ಫೋನಿನಲ್ಲಿ ಹರಿಹಾಯ್ದಳು. "ಪಟ್ಟಿ ಮೇಲೆ ನಿನ್ ಗೀಟಿದೆ, ಪೆಟ್ಟಿಗೆ ಮಾತ್ರ ಇಲ್ಲ. ಗೀಟನ್ನೇ ಬೇಯಿಸ್ಕೊಂಡು ತಿನ್ಲೇನೇ?"

ಮೂರನೇ ತಿಂಗಳಿಗೆ ಹಡಗಿನ ಮಾಲೀಕರು ಕಳವಿನ ಅನುಮಾನದ ಮೇಲೆ ತಮ್ಮ ಸರಕಿನ ಮೇಸ್ತ್ರಿ ಮೆಸಾಕೆಯನ್ನು ಕೆಲಸದಿಂದ ದೂರ ಇಟ್ಟರು. ಗೋದಾಮಿನ ಮ್ಯಾನೇಜರ್ ಹರಿವದನ್ ಕೆಲೆರಾಳನ್ನು ಕರೆದು ಕಾಗದ ಮುಂದಿಟ್ಟ.

"ನಿನ್ನ ಎಣಿಕೆ ತಪ್ಪಲ್ಲ ಅಂತ ಊರಿಗೇ ಗೊತ್ತು. ಅಂದ್ಮೇಲೆ ಕದ್ದೋರು ಹಡಗಿನೋರೇ. ವರದಿಗೆ ಒಂದು ಸಹಿ ಹಾಕ್ಬಿಡು."

"ಎಣಿಸಿದ್ದು ನಾನು ಸರ್. ಕದ್ದಿದ್ದನ್ನ ನೋಡಿದ್ದು ಯಾರು?"

"ಇನ್ಯಾರು ಕದೀತಾರೆ?"

"ನನಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಸಹಿ ಹಾಕಲ್ಲ. ಮಂಗಳವಾರದ ಸರಕು ಹೋಗ್ಲಿ, ಬುಧವಾರ ಹೇಳ್ತೀನಿ."

ಹೊಗಳಿಕೆ ಹಿತವಾಗಿಯೇ ಇತ್ತು. ಆದರೆ ಅದನ್ನು ನಂಬಿ ಇನ್ನೊಬ್ಬನ ಅನ್ನ ಕಿತ್ತುಕೊಳ್ಳುವಷ್ಟು ಅವಳು ಹಗುರ ಬುದ್ಧಿಯವಳಲ್ಲ.

ಮಂಗಳವಾರ ಬೆಳಿಗ್ಗೆ ಕೋರೋದ ಸರಕು ಎಣಿಸಿ, ಗೀಟೆಳೆದು, ಎಂದಿನಂತೆ ಮುಂದಿನ ಹಲಗೆ ಎಣಿಸಲು ಹೋಗಲಿಲ್ಲ. ಸರಕು ಎತ್ತಿಕೊಂಡ ಗಾಡಿಯ ಪಕ್ಕದಲ್ಲೇ ನಡೆದಳು. ಲೋಡರ್ ಅಪಿಸಾಯಿ ಹಲ್ಲು ಕಿರಿದ. "ಏನಕ್ಕಾ, ಪೆಟ್ಟಿಗೆಗೆ ಮದುವೆ ಮಾಡಿ ಗಂಡನ ಮನೆಗೆ ಬಿಡೋಕ್ ಹೊರಟ್ಯಾ?"

"ಹೂಂ ಕಣೋ. ಗಂಡು ನಿನ್ನಂಥೋನಾದ್ರೆ ಅರ್ಧ ದಾರೀಲೇ ವಾಪಸ್ ಕರ್ಕೊಂಡು ಬರ್ತೀನಿ."

ಮೂರನೇ ಬಾಗಿಲಲ್ಲಿ ಗಾಡಿ ನಿಂತಿತು. ಸುರುಳಿ ಬಾಗಿಲು ಪೂರ್ತಿ ಮೇಲೇರದೆ ಒಂದು ಮೊಳ ಕೆಳಗೇ ಸಿಕ್ಕಿಕೊಂಡಿತ್ತು. ಗಾಡಿ ಓಡಿಸುವ ಖೇಲಾವನ್ ನಿಧಾನವಾಗಿ ಇಳಿದ. ಸರಕಿನ ಮೇಲಿನ ಸಾಲಿನ ಐದು ಪೆಟ್ಟಿಗೆ ಕೆಳಗಿಳಿಸಿ ಗೋಡೆಗೆ ಒರಗಿಸಿ, ಉಳಿದದ್ದನ್ನು ಹೊರಗೆ ಬಿಟ್ಟುಬಂದ. ಆಮೇಲೆ, ಕಡಿಮೆ ಎತ್ತರಕ್ಕೆ ಪೇರಿಸಿದ್ದ ಇನ್ನೊಂದು ಹಲಗೆಯನ್ನು ತಂದು ಅದರ ಮೇಲೆ ಆ ಐದನ್ನು ಒಪ್ಪವಾಗಿ ಜೋಡಿಸಿದ.

ಕೆಲೆರಾ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. "ಭೈಯಾ, ಅದ್ಯಾಕೆ ಹಾಗ್ ಮಾಡಿದ್ರಿ?"

"ಬಾಗ್ಲು ತಾಗುತ್ತಲ್ಲಮ್ಮ. ಕೆಟ್ಟು ಮೂರು ತಿಂಗಳಾಯ್ತು, ಎರಡು ಸಲ ಹೇಳ್ದೆ, ಯಾರು ಕೇಳ್ತಾರೆ? ಎಲ್ಲಾ ಒಂದೇ ಹಡಗಿಗೆ ತಾನೆ ಹೋಗೋದು."

"ಹಡಗು ಒಂದೇ ಭೈಯಾ, ಇಳಿಯೋ ದ್ವೀಪ ಬೇರೆ. ಆ ಗಿಡ್ಡದು ನೈರಾಯಿಗೆ."

"ಅಯ್ಯೋ, ಆ ಮೆಸಾಕೆ..." ಎಂದ ಖೇಲಾವನ್ ಅಲ್ಲೇ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟ.

ಅವಳು ನೈರಾಯಿಯ ಅಂಗಡಿಗೆ ಫೋನ್ ಮಾಡಿದಳು. ಮುದುಕ ಸಕಿಯುಸಾ ಮೊದಲು ಹವೆಯ ಸುದ್ದಿ ಹೇಳಿದ, ಆಮೇಲೆ ಕೆಮ್ಮಿದ.

"ಮಾವ, ಮೂರು ತಿಂಗಳಿಂದ ನಿಮಗೆ ಸರಕು ಹೆಚ್ಚು ಬರ್ತಿತ್ತಾ?"

"ಬರ್ತಿತ್ತಮ್ಮ. ದೇವರು ಕಳಿಸ್ತಿದ್ದಾನೆ ಅಂದ್ಕೊಂಡೆ."

"ಆ ದೇವರ ಹೆಸರು ಖೇಲಾವನ್. ಇಲ್ಲೇ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ."

ನೋಟ್‌ಬುಕ್ಕುಗಳು ಅಲ್ಲಿನ ಶಾಲೆ ಸೇರಿದ್ದವು, ಮೀನು ಹೊಟ್ಟೆ ಸೇರಿತ್ತು. ಉಳಿದದ್ದನ್ನು ಮುಂದಿನ ಹಡಗಿಗೆ ಕೊಡುತ್ತೇನೆಂದು ಮುದುಕ ಒಪ್ಪಿಕೊಂಡ.

ಬುಧವಾರ ಕೆಲೆರಾಳ ವರದಿ ಒಂದೇ ಪುಟ. ಬಾಗಿಲು ಕೆಟ್ಟದ್ದು, ಖೇಲಾವನ್ ಎರಡು ಸಲ ಹೇಳಿದ್ದು, ಯಾರೂ ಕಿವಿಗೊಡದಿದ್ದದ್ದು ಎಲ್ಲ ಇತ್ತು. ಕೊನೆಗೆ, "ಬಾಗಿಲ ಒಳಗೆ ಎಣಿಸಿ ಹೊರಗೆ ಹೋಗುವುದಕ್ಕೆ ಸಹಿ ಹಾಕಿದ್ದು ನನ್ನ ತಪ್ಪು" ಎಂದಿತ್ತು.

ಹರಿವದನ್ ಹುಬ್ಬು ಗಂಟಿಕ್ಕಿದ. "ಈ ಸಾಲು ಬೇಕಾ?"

"ಅದಿಲ್ದಿದ್ರೆ ಮೇಲಿನದನ್ನ ಯಾರು ನಂಬ್ತಾರೆ ಸರ್?"

ಅವನು ಕಾಗದವನ್ನು ಇನ್ನೊಮ್ಮೆ ಓದಿ, ಬಾಗಿಲು ರಿಪೇರಿಯವನಿಗೆ ತಾನೇ ಫೋನ್ ಮಾಡಿದ. ಅಂದಿನಿಂದ ಅವಳ ಮೇಜು ಹೊರಗಿನ ಶೆಡ್ಡಿಗೆ ಬಂತು; ಪ್ಲಾಸ್ಟಿಕ್ ಸುತ್ತುವ ಮುಂಚೆ ಕೊನೆಯ ಎಣಿಕೆ ಅಲ್ಲೇ.

ಮೆಸಾಕೆ ಮರಳಿ ಕೆಲಸಕ್ಕೆ ಬಂದ ದಿನ ಯಂಗೋನಾ ಬೇರಿನ ಕಟ್ಟು ತಂದು ಅವಳ ಮುಂದಿಟ್ಟ. ಸಂಜೆ ಎಲ್ಲರೂ ಚಾಪೆ ಹಾಸಿ ಸುತ್ತ ಕುಳಿತರು, ಹರಿವದನ್ ಕೂಡ. ಬೇರು ಕುಟ್ಟಿ ನೀರಲ್ಲಿ ಕಲಸಿದ ಪಾನೀಯದ ಬಟ್ಟಲು ಕೈಯಿಂದ ಕೈಗೆ ದಾಟುವಾಗ ಮೆಸಾಕೆ ಕೇಳಿದ, "ನಿಜ ಹೇಳಕ್ಕಾ, ನಾನು ಕದ್ದಿಲ್ಲ ಅಂತ ನಿಂಗೆ ಮೊದಲೇ ಗೊತ್ತಿತ್ತಲ್ವಾ?"

"ಇಲ್ಲಪ್ಪ. ನೀನು ಕದ್ದಿದ್ರೆ ಅದನ್ನೂ ಬರೀತಿದ್ದೆ."

ಮೆಸಾಕೆ ಒಂದು ಗಳಿಗೆ ಕಣ್ಣರಳಿಸಿ ನೋಡಿ, ಹೊಟ್ಟೆ ಹಿಡಿದು ನಕ್ಕು, ಅವಳ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದ.