ದೋನ್ಯಾ ಹೆರ್ಲಿಂದಾ ಮೆತ್ತಿದ ಬಿರುಕು

ಮಗುವಿಗೆ ಸ್ನಾನ ಮಾಡಿಸುವಾಗ ಮಗುವಿನ ಮುಖ ನೋಡಬೇಕಾದವಳು ನಾನು ತಲೆಯೆತ್ತಿ ದೀಪ ನೋಡುತ್ತೇನೆ. ಭೂಕಂಪಕ್ಕೆ ದೀಪ ತೂಗುತ್ತಿದೆಯೋ, ಇಲ್ಲ ಬೀದಿಯಲ್ಲಿ ಗ್ಯಾಸಿನ ಲಾರಿ ಹೋಯಿತೋ ಅಂತ. ಮೆಕ್ಸಿಕೋ ನಗರದಲ್ಲಿ ಹುಟ್ಟಿದವರಿಗೆಲ್ಲ ಈ ಚಾಳಿ ಇದ್ದದ್ದೇ. ಕೆರೆಯ ಕೆಸರಿನ ಮೇಲೆ ಕಟ್ಟಿದ ಊರು. ದೂರದ ಕರಾವಳಿಯಲ್ಲಿ ಭೂಮಿ ಮಗ್ಗುಲು ಬದಲಿಸಿದರೂ ಇಲ್ಲಿ ಮನೆಗಳು ತೊಟ್ಟಿಲಾಗುತ್ತವೆ. ಆದರೆ ಈ ವರ್ಷ ನನ್ನ ನಿದ್ದೆ ಕೆಡಿಸಿದ್ದು ದೀಪವಲ್ಲ, ಬಾಗಿಲು. ನಮ್ಮ ಮನೆಯ ಮುಂಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳತೊಡಗಿತ್ತು. ಮೊದಮೊದಲು ಸ್ವಲ್ಪ ಜಗ್ಗಿದರೆ ಸಾಕಿತ್ತು. ಆಮೇಲೆ ಕಾಲು ಊರಿ ಎರಡೂ ಕೈಯಲ್ಲಿ ಎಳೆಯಬೇಕಾಯಿತು. ನನಗೆ ಎರಡು ಕೈ ಎಲ್ಲಿದೆ? ಒಂದರಲ್ಲಿ ಅಬ್ರಿಲ್ ಇರುತ್ತಾಳೆ, ಅವಳಿಗಿನ್ನೂ ನಡೆಯಲು ಬರುವುದಿಲ್ಲ. ಭೂಕಂಪ ಬರುತ್ತಿದೆ ಅಂತ ಬೀದಿಯ ಸೈರನ್ ಕೂಗಿದ ಮೇಲೆ ನೆಲ ಅಲುಗಲು ಒಂದು ನಿಮಿಷವೂ ಹಿಡಿಯುವುದಿಲ್ಲ. ಆ ಹೊತ್ತಿಗೆ ಬಾಗಿಲು ತೆರೆಯದೇ ಹೋದರೆ?

“ಮಳೆಗಾಲ ಕಣೇ, ಉಬ್ಬಿರತ್ತೆ,” ಅಂದ ಗಂಡ ಹಿಲ್ದಾರ್ದೊ.

ಬಾಗಿಲು ಕಬ್ಬಿಣದ್ದು.

ನಮ್ಮ ಮಹಡಿಗೆ ತಿರುಗುವಲ್ಲಿ, ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಒಂದು ಓರೆ ಬಿರುಕಿತ್ತು. ಏಪ್ರಿಲ್ಲಿನ ನಡುಕದಲ್ಲಿ ಬಂದದ್ದು. ಯುವಕ ಇಂಜಿನಿಯರ್ ಒಬ್ಬ ಬಂದು ಬಿರುಕಿಗೆ ಅಡ್ಡಲಾಗಿ ಅಲ್ಲಲ್ಲಿ ಪ್ಲಾಸ್ಟರಿನ ತೆಳು ಪಟ್ಟಿ ಹಾಕಿ, ಹಸಿಯಿರುವಾಗಲೇ ಮೊಳೆಯಿಂದ ತಾರೀಖು ಗೀಚಿದ್ದ. ಇವು ಸಾಕ್ಷಿಗಳು, ಗೋಡೆ ಕದಲಿದರೆ ಮೊದಲು ಒಡೆಯುವುದು ಇವೇ, ದಯವಿಟ್ಟು ಯಾರೂ ಮುಟ್ಟಬೇಡಿ ಅಂದಿದ್ದ. ಪ್ರತಿ ಸಲ ಅವನು ನೋಡಲು ಬಂದಾಗಲೂ ಪಟ್ಟಿಗಳು ಇದ್ದ ಹಾಗೇ ಇರುತ್ತಿದ್ದವು. “ಗೋಡೆ ನಿದ್ದೆ ಮಾಡ್ತಿದೆ,” ಅಂತ ನಕ್ಕು ಹೋಗುತ್ತಿದ್ದ. ಗೋಡೆ ನಿದ್ದೆಯಲ್ಲಿದ್ದರೆ ನನ್ನ ಬಾಗಿಲು ಯಾಕೆ ಕಚ್ಚುತ್ತದೆ ಅಂತ ನಾನು ಅವನನ್ನು ಕೇಳಲಿಲ್ಲ. ಇಂಥದ್ದನ್ನೆಲ್ಲ ನಮ್ಮಲ್ಲಿ ಕೇಳುವುದು, ನಾವೆಲ್ಲ ಗೌರವದಿಂದ ದೋನ್ಯಾ ಅನ್ನುವ ಹೆರ್ಲಿಂದಾರನ್ನು.

ನಮ್ಮ ಕಟ್ಟಡದಲ್ಲಿ ಭೂಕಂಪ ಅವರ ಖಾತೆ. ಕಾರು ನಿಲ್ಲಿಸುವ ಜಾಗದ ಮೇಲೆಯೇ, ಮೊದಲ ಮಹಡಿಯಲ್ಲಿ ಅವರ ಮನೆ. ಗಿಡ್ಡ ಆಳು, ಬೆನ್ನ ಮೇಲೆ ಒಂದೇ ಜಡೆ, ಕೊರಳಲ್ಲಿ ಶಿಲುಬೆಯ ಜೊತೆಗೇ ಒಂದು ಸೀಟಿ. ಚರ್ಚಿಗೆ ಹೋಗುವಾಗಲೂ ಅದು ಇರುತ್ತಿತ್ತು. ಶಾಲೆಯ ಗೇಟಿನ ಬಳಿ ಮೆಕ್ಕೆಜೋಳದ ಹಿಟ್ಟು ತಟ್ಟಿ, ಚೀಸ್ ತುಂಬಿದ ಕೆಸದಿಯ್ಯಾ ರೊಟ್ಟಿ ಮಾರಿ ಮಾರಿಯೇ ಈ ಮನೆ ಕೊಂಡವರು. ಮೆಟ್ಟಿಲುಗಳ ಉದ್ದಕ್ಕೂ ಹಸಿರು ಬಾಣ ಬಳಿದದ್ದು ಅವರೇ. ಯಾರಾದರೂ ಮೆಟ್ಟಿಲ ಮೇಲೆ ಹೂಕುಂಡ ಇಟ್ಟರೆ ಸಂಜೆಯೊಳಗೆ ಅದು ಅವರ ಮನೆಯ ಕಿಟಕಿಯಲ್ಲಿ ಇರುತ್ತಿತ್ತು, ಕೇಳಿದರೆ “ದಾರೀಲಿ ಬಿದ್ದಿತ್ತು, ಅನಾಥ ಅನ್ಕೊಂಡೆ” ಅನ್ನುತ್ತಿದ್ದರು. ಅಬ್ರಿಲ್ ಹುಟ್ಟಿದಾಗ ಎಲ್ಲರೂ ಟೋಪಿ, ಕಾಲುಚೀಲ ತಂದರು. ಇವರು ತಂದದ್ದು ಬಾಗಿಲ ಹಿಂದೆ ತೂಗುಹಾಕುವ ಚೀಲ. ಒಳಗೆ ನೀರು, ಡೈಪರು, ಟಾರ್ಚು.

ಸೆಪ್ಟೆಂಬರ್ ಹತ್ತೊಂಬತ್ತು, ಎಂಬತ್ತೈದರ ದೊಡ್ಡ ಭೂಕಂಪ ಆದ ದಿನ. ಪ್ರತಿ ವರ್ಷ ಅವತ್ತು ಇಡೀ ಊರಿಗೆ ತಾಲೀಮು. ಸೈರನ್ ಕೂಗುತ್ತದೆ, ಎಲ್ಲರೂ ಇಳಿದು ರಸ್ತೆ ನಡುವಿನ ಹುಲ್ಲುಪಟ್ಟೆಯ ಮೇಲೆ ನಿಲ್ಲಬೇಕು. ಅವತ್ತು ದೋನ್ಯಾ ಕಿತ್ತಳೆ ಬಣ್ಣದ ಕೋಟು ತೊಟ್ಟರೆ ಮುಗಿಯಿತು, ಸೇನಾಧಿಪತಿ. ಹೋದ ವರ್ಷ ನಾಲ್ಕನೇ ಮಹಡಿಯ ದೋನ್ ಕ್ರಿಸ್ಪಿನ್ ಅರ್ಧ ಬೋಳಿಸಿದ ಗಡ್ಡದಲ್ಲಿ, ಕೈಯಲ್ಲಿ ಪಂಜರ ಹಿಡಿದು ಎಲ್ಲರಿಗಿಂತ ಕೊನೆಗೆ ಬಂದರು.

“ಜೀವ ಉಳಿಸ್ಕೊಂಡ್ ಬಾರಪ್ಪಾ ಅಂದ್ರೆ ಗಿಳಿ ಎತ್ಕೊಂಡ್ ಬಂದಿದ್ದೀಯಲ್ಲ.”

“ಗಿಳಿ ನನ್ ಹೆಂಡ್ತೀದು ದೋನ್ಯಾ. ಬಿಟ್ ಬಂದ್ರೆ ಭೂಕಂಪದಲ್ಲಿ ಉಳಿದೋನು ಮನೇಲಿ ಸಾಯ್ತೀನಿ.”

“ಮುಂದಿನ ಸಲ ಗಿಳೀನೇ ಮುಂದೆ ಕಳ್ಸು. ಅದಾದ್ರೂ ನಿನಗಿಂತ ಚುರುಕಾಗಿದೆ.”

ನಾನು ಕೆಲಸಕ್ಕೆ ಮರಳಿದ ಮೇಲೆ ಅಬ್ರಿಲ್ ಬೆಳೆದದ್ದು ಅವರ ಅಡುಗೆಮನೆಯಲ್ಲೇ. ಕುಂಬಳದ ಹೂವು ಬಿಡಿಸುತ್ತ ಒಂದು ದಿನ ಎಂಬತ್ತೈದರ ಭೂಕಂಪದ ಕಥೆ ಹೇಳಿದರು. ಆಗಿನ್ನೂ ಶಾಲೆಯ ಹುಡುಗಿ. ಅವರ ಕಟ್ಟಡ ಬಿದ್ದಿರಲಿಲ್ಲ, ಬಿರುಕು ಬಿಟ್ಟಿತ್ತು ಅಷ್ಟೆ. ಯಾರೋ ಬಂದು ಬಾಗಿಲ ಮೇಲೆ ಕೆಂಪು ಗುರುತು ಹಾಕಿ, ರಿಪೇರಿ ಮುಗಿಯೋವರೆಗೆ ಕೆಲವು ವಾರ ಹೊರಗಿರಿ ಅಂದರು. ಒಲೆ, ಹಾಸಿಗೆ, ಗ್ವಾದಲೂಪೆ ಮಾತೆಯ ಪಟ ಹೊತ್ತು ರಸ್ತೆ ನಡುವಿನ ತಗಡಿನ ಶೆಡ್ಡಿಗೆ ಹೋದರು. ವಾರ ವರ್ಷವಾಯಿತು. ಕಟ್ಟಡ ಕೆಡವಿದರು, ಅಲ್ಲಿ ಬೇರೆಯವರದೇನೋ ಎದ್ದಿತು. ಅವರಮ್ಮ ಮಾತ್ರ ಪ್ರತಿ ಭಾನುವಾರ ಪೊರಕೆ ಹಿಡಿದು ಹೋಗಿ ಹಳೇ ಮನೆಯ ಮುಂದಿನ ಫುಟ್‌ಪಾತ್ ಗುಡಿಸಿ ಬರುತ್ತಿದ್ದರಂತೆ, ಬೇಲಿ ಹಾಕಿದ ಮೇಲೂ. ಜನವರಿಯ ಚಳಿಯಲ್ಲಿ ಎದೆ ಕಟ್ಟಿ ಶೆಡ್ಡಿನಲ್ಲೇ ತೀರಿಕೊಂಡರು.

“ನಮ್ಮಮ್ಮನ್ನ ಭೂಕಂಪ ಕೊಲ್ಲಲಿಲ್ಲ ಮಗಾ,” ಅಂದರು, ಹೂವಿನ ತೊಟ್ಟು ಮುರಿಯುತ್ತ. “ತಗಡು ಕೊಂದಿದ್ದು.”

ಪಾಪ ಅನ್ನಿಸಿತು. ಅದರಾಚೆ ನಾನು ಯೋಚಿಸಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ಆಫೀಸಿನಿಂದ ಬೇಗ ಬಂದೆ. ಮೆಟ್ಟಿಲ ತಿರುವಿನಲ್ಲಿ ಅಬ್ರಿಲ್ ಬಾಯಿ ತುಂಬ ಕೆಂಪು ಜೆಲ್ಲಿ ಮೆತ್ತಿಕೊಂಡು ಕೂತಿದ್ದಳು. ಪಕ್ಕದಲ್ಲಿ ದೋನ್ಯಾ ಮಂಡಿಯೂರಿ, ಸಾರಿನ ಬಟ್ಟಲಲ್ಲಿ ಪ್ಲಾಸ್ಟರ್ ಕಲಸುತ್ತಿದ್ದರು. ಒಡೆದ ಪಟ್ಟಿಯ ಚೂರುಗಳು ಏಪ್ರನ್ನಿನ ಮಡಿಲಲ್ಲಿ. ಹೊಸ ಪಟ್ಟಿಯನ್ನು ಟೊರ್ಟಿಯಾ ರೊಟ್ಟಿ ತಟ್ಟಿದಷ್ಟೇ ನಯವಾಗಿ ಬಿರುಕಿನ ಮೇಲೆ ಎಳೆದು, ಮೊಳೆಯಿಂದ ಏಪ್ರಿಲ್ಲಿನ ಹಳೇ ತಾರೀಖನ್ನೇ ಗೀಚುತ್ತಿದ್ದರು. ನನ್ನನ್ನು ಕಂಡು ಬೆಚ್ಚಲಿಲ್ಲ.

“ಬೇಗ ಬಂದ್ಯಲ್ಲ. ಬಾಗ್ಲು ಇನ್ನೂ ಹಿಡೀತಿದ್ಯಾ? ನಾಳೆ ಎಣ್ಣೆ ಬಿಡ್ತೀನಿ.”

“ಇದು ಒಡೆದಿತ್ತಾ ದೋನ್ಯಾ?”

“ಒಡೀತು. ಮೆತ್ತಿದೆ. ಹೋದ್ ತಿಂಗ್ಳೂ ಮೆತ್ತಿದೆ.”

“ಅಂದ್ರೆ ಗೋಡೆ ಕದಲ್ತಿದೆ ಅಂತ.”

“ಅದ್ರ ಅರ್ಥ ನಂಗೆ ಹೇಳ್ಕೊಡ್ತೀಯಾ? ನೀನು ಹುಟ್ಟೋಕ್ ಮುಂಚೆನೇ ಕಲ್ತಿದೀನಿ.”

“ಗೊತ್ತಿದ್ದೂ ಮುಚ್ತಿದೀರಲ್ಲ.”

“ಗೊತ್ತಿರೋದಕ್ಕೇ ಮುಚ್ತಿರೋದು,” ಅಂದರು. ದನಿ ಏರಲಿಲ್ಲ. “ಆ ಇಂಜಿನಿಯರ್ ಹುಡ್ಗ ಒಳ್ಳೇವ್ನು. ಒಡೆದಿದ್ದು ಕಂಡ್ರೆ ಮೇಲಿನವ್ರಿಗೆ ಹೇಳ್ತಾನೆ. ಅವ್ರು ಬಂದು ಕೆಂಪು ಗುರುತು ಹಾಕ್ತಾರೆ. ನೀನು ಪುಯೆಬ್ಲಾದಲ್ಲಿರೋ ಅತ್ತೆ ಮನೆಗ್ ಹೋಗ್ತೀಯ. ನಾನೆಲ್ಲಿಗ್ ಹೋಗ್ಲಿ?”

“ನಮ್ ಜೊತೆ ಬನ್ನಿ.”

“ನಿಮ್ಮತ್ತೆ ನಿನ್ನನ್ನೇ ಸಹಿಸಲ್ಲ, ನನ್ನನ್ನ ಸಹಿಸ್ತಾಳಾ?” ಅಂತ ನಕ್ಕು, ಅಬ್ರಿಲ್ ಮೂತಿ ಒರೆಸಿದರು. “ಯಾಕ್ ಇಷ್ಟು ತಾಲೀಮು ಮಾಡಿಸ್ತೀನಿ ಅನ್ಕೊಂಡೆ? ಕಟ್ಟಡ ಬಿದ್ರೆ ಬೀಳ್ಲಿ, ಜನ ಹೊರಗಿದ್ರೆ ಸಾಕು. ಎಲ್ಲಾರ್ನೂ ನಾನ್ ಇಳಿಸ್ತೀನಿ. ಅಲ್ಲೀವರ್ಗೂ ನಮ್ಮನ್ ನಮ್ ಮನೇಲಿ ಇರಕ್ ಬಿಡ್ಲಿ.”

ಮಗುವನ್ನೆತ್ತಿಕೊಂಡು ಮೇಲೆ ಹೋದೆ. ಬಾಗಿಲು ಕದಲದಿದ್ದಾಗ ಹಿಂದೆಯೇ ಬಂದು ಹೆಗಲು ಕೊಟ್ಟು ನೂಕಿದವರೂ ಅವರೇ, ಪ್ಲಾಸ್ಟರಿನ ಕೈಯಲ್ಲೇ.

ಕಟ್ಟಡ ಖಾಲಿ ಮಾಡಿಸಿದ ಮೇಲೆ, ಈಗ ಅವರು ಊರಿನ ಅಂಚಿನಲ್ಲಿ ತಂಗಿಯ ಮಗಳ ಹಜಾರದಲ್ಲಿ ಮಲಗುತ್ತಾರೆ. ನನ್ನ ಕರೆ ಎತ್ತುವುದಿಲ್ಲ. ಇಂಜಿನಿಯರ್ ಆಮೇಲೆ ನನಗೊಂದು ಮಾತು ಹೇಳಿದ: ಮೊದಲ ಪಟ್ಟಿ ಒಡೆದಾಗಲೇ ತಿಳಿದಿದ್ದರೆ ಕೆಳಗಿನ ಕಂಬಗಳಿಗೆ ಉಕ್ಕಿನ ಕವಚ ತೊಡಿಸಬಹುದಿತ್ತು, ಜನ ಒಳಗಿರುವಾಗಲೇ. ಅಂಥದ್ದೊಂದು ದಾರಿ ಇದೆ ಅಂತ ದೋನ್ಯಾರಿಗೆ ಯಾರೂ ಹೇಳಿರಲಿಲ್ಲ. ಅವರಿಗೆ ಗೊತ್ತಿದ್ದ ಬಿರುಕಿಗೆಲ್ಲ ಕೊನೆ ತಗಡಿನ ಶೆಡ್ಡೇ. ಪ್ಲಾಸ್ಟರಿನ ಬಟ್ಟಲು ಕಿತ್ತುಕೊಂಡು ಪಕ್ಕಕ್ಕಿಟ್ಟು, ಬನ್ನಿ, ಇಬ್ಬರೂ ಹೋಗಿ ಆ ಹುಡುಗನನ್ನೇ ಕೇಳೋಣ ಅಂತ ನಾನಾದರೂ ಅವತ್ತು ಅನ್ನಬಹುದಿತ್ತು. ಓದಿದವಳು, ದಿನವಿಡೀ ಭಯಪಡುವವಳು, ನನಗೆ ಅಷ್ಟೂ ಹೊಳೆಯಲಿಲ್ಲ.

ಬದಲಿಗೆ, ಅವತ್ತಿನಿಂದ ಸುಮ್ಮನೆ ದಿನ ತಳ್ಳಿದೆ. ನಾಗರಿಕ ರಕ್ಷಣೆಯವರ ನಂಬರು ಒತ್ತುವುದು, ಅಳಿಸುವುದು. ಬೆಳಿಗ್ಗೆ ಅಬ್ರಿಲ್‌ಳನ್ನು ಅದೇ ಅಡುಗೆಮನೆಗೆ ಬಿಡುವುದು.

“ಸುಮ್ನೆ ಪುಯೆಬ್ಲಾಕ್ಕೆ ಹೊರಟ್ಬಿಡೋಣ,” ಅಂದ ಹಿಲ್ದಾರ್ದೊ.

“ಮಿಕ್ಕವ್ರು?”

ಅವನು ಟೀವಿಯ ದನಿ ಏರಿಸಿದ.

ಹತ್ತೊಂಬತ್ತರ ತಾಲೀಮು ಬಂತು. ಸೈರನ್ ಕೂಗುವ ಮೊದಲೇ ನಾನು ಬಾಗಿಲು ತೆರೆದು ಕೂತಿದ್ದೆ. ಮೇಲಿನವರೆಲ್ಲ ದಡದಡ ಇಳಿದರು, ನಾನೂ ಸೇರಿಕೊಂಡೆ. ತಿರುವಿನಲ್ಲಿ ಜನ ಒತ್ತಾಗಿ ಕ್ಷಣ ನಿಂತಾಗ ಗೋಡೆಯಿಂದ ಬಿಳಿ ಪುಡಿ ಅಬ್ರಿಲ್ ಕೂದಲ ಮೇಲೆ ಉದುರಿತು. ಪಟ್ಟಿ ಮತ್ತೆ ಸೀಳಿತ್ತು. ಸೀಳಿನಲ್ಲಿ ಬೆರಳ ತುದಿ ಹಿಡಿಸುತ್ತಿತ್ತು. ಹಸಿರು ಬಾಣಗಳೆಲ್ಲ ಆ ಗೋಡೆಯ ಮಗ್ಗುಲಲ್ಲೇ ಇಳಿಯುತ್ತವೆ. ನಮಗೆ ಬೇರೆ ಮೆಟ್ಟಿಲಿಲ್ಲ. ಭೂಮಿ ನಿಜವಾಗಿ ಅಲುಗಿದ ದಿನ ದೋನ್ಯಾ ನಮ್ಮನ್ನೆಲ್ಲ ಸೀಟಿ ಊದಿ ಕರೆಯುವುದು ಆ ಗೋಡೆಯ ಕೆಳಕ್ಕೇ.

ಹುಲ್ಲುಪಟ್ಟೆಯ ಮೇಲೆ ಅವರು ಒಬ್ಬೊಬ್ಬರ ಹೆಸರು ಕೂಗಿದರು. ಮುಖ ಅರಳಿತ್ತು. “ಕ್ರಿಸ್ಪಿನ್ ಕೂಡ ಪೂರ್ತಿ ಗಡ್ಡ ಬೋಳಿಸ್ಕೊಂಡ್ ಬಂದಿದಾನೆ ನೋಡ್ರಪ್ಪ. ಹೋದ್ ವರ್ಷಕ್ಕಿಂತ ಬೇಗ ಇಳಿದ್ವಿ. ಸರಿ, ಇನ್ ಒಳಗೆ ನಡೀರಿ, ಒಲೆ ಮೇಲೆ ಏನಿಟ್ಟಿದೀರೋ.”

ಜನ ಗೇಟಿನ ಕಡೆ ತಿರುಗಿದರು. ನಾನು ನಂಬರು ಒತ್ತಿದೆ. ಈ ಸಲ ಅಳಿಸಲಿಲ್ಲ.

“ಇವತ್ತು ತಾಲೀಮು ಇದೆ ಮೇಡಂ,” ಅಂದಳು ಆ ಕಡೆಯ ಹೆಂಗಸು. “ನಿಜವಾದ ದೂರಾ?”

“ನಿಜವಾದದ್ದೇ.” ಬೀದಿಯ ಹೆಸರು ಹೇಳಿದೆ. ಬಾಗಿಲು, ಬಿರುಕು, ಒಡೆದ ಪಟ್ಟಿ ಹೇಳಿದೆ. ಹಿಂದೆಯೂ ಒಡೆದಿತ್ತು, ಮೇಲೆ ಮೆತ್ತಿದ್ದರು ಅಂದೆ.

“ಯಾರು ಮೆತ್ತಿದ್ದು?”

ದೋನ್ಯಾ ಹೆರ್ಲಿಂದಾ ಗೇಟಿನವರೆಗೆ ಹೋದವರು ನಿಂತು ನನ್ನನ್ನೇ ನೋಡುತ್ತಿದ್ದರು.

“ನಾವೇ,” ಅಂದೆ.

“ಈಗಲೇ ಜನ ಕಳಿಸ್ತೀವಿ. ಅವರು ಬರೋವರೆಗೆ ಯಾರನ್ನೂ ಒಳಗೆ ಬಿಡಬೇಡಿ. ಅಲ್ಲಿ ಕಟ್ಟಡದ ಜವಾಬ್ದಾರಿ ಯಾರದು? ಅವರಿಗೆ ಫೋನ್ ಕೊಡಿ.”

ನಾನು ರಸ್ತೆ ದಾಟಿ ಗೇಟಿನ ಬಳಿ ಹೋಗಿ ಫೋನನ್ನು ದೋನ್ಯಾರ ಕಡೆ ಚಾಚಿದೆ.